ಮರೆವಿನ ಬೆಂಚು

ನಾನು ಕಥೆ ಹೇಳಲು ಕೂತರೆ ಈ ಹೊಳೆ ನಿಂತು ಕೇಳುತ್ತದೆ. ನಗಬೇಡಿ. ಒಂದು ಸಲ ಹಾಗೆ ನಿಂತೇಬಿಟ್ಟು, ಮೇಲಿನ ಊರಿನವರ ಹಿತ್ತಿಲಿಗೆಲ್ಲ ನೀರು ನುಗ್ಗಿ, ಅವರು ದೊಣ್ಣೆ ಹಿಡಿದು ಓಡಿಬಂದು, "ಸಿಂಗ್ರಯ್ಯ, ನಿನ್ನ ದಮ್ಮಯ್ಯ, ಕಥೆ ಬೇಗ ಮುಗ್ಸಪ್ಪ, ನಮ್ಮ ಒಲೆಯೊಳಗೆ ಮೀನು ಬಂದು ಕೂತವೆ" ಎಂದು ಅಂಗಲಾಚಿದ್ದರು. ಮುಗಿಸಿದೆ. ಹೊಳೆ ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋಯಿತು. ಅಂಥ ನಾಲಿಗೆ ನನ್ನದು. ಪೊಲೀಸರಿಲ್ಲದೆ, ಕೋರ್ಟಿಲ್ಲದೆ, ಈ ಊರಿನ ಲಂಚವನ್ನು ಬುಡಸಮೇತ ಕಿತ್ತುಹಾಕಿದವನು ನಾನೊಬ್ಬನೇ. ನೀವು ಕಾಲು ಇಳಿಬಿಟ್ಟು ಕೂತಿದ್ದೀರಲ್ಲ, ಈ ಕಾಲುಸೇತುವೆಯೇ ಅದಕ್ಕೆ ಸಾಕ್ಷಿ. ನಿಮ್ಮ ಬಸ್ಸು ಬರುವುದು ಇನ್ನೂ ತಡ. ಕೇಳಿ.

ನೀವು ಪರವೂರಿನವರು, ನಮ್ಮೂರಿನ ಬಿಕ್ಕಳಿಕೆ ನಿಮಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಲಂಚ ಕೊಟ್ಟವರು ಕೊಟ್ಟದ್ದನ್ನು ನೆನೆಸಿಕೊಂಡರೆ ತೆಗೆದುಕೊಂಡವರಿಗೆ ಬಿಕ್ಕಳಿಕೆ ಬರುತ್ತದೆ. ಕೊಟ್ಟವಳು ತನ್ನ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ "ಅಯ್ಯೋ ಅಷ್ಟು ಕೊಟ್ಟೆನಲ್ಲ" ಎಂದುಕೊಂಡರೆ ಸಾಕು, ಇಲ್ಲಿ ಪುರಸಭೆಯ ಕುರ್ಚಿಯಲ್ಲಿ ಕೂತವರು ಹಿಕ್ ಅನ್ನುತ್ತಾರೆ. ಅಷ್ಟೆ. ಯಾಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮೂರಲ್ಲಿ ಗುಡುಗಿದರೆ ಯಾಕೆ ಗುಡುಗಿತು ಎಂದು ಕೇಳುತ್ತೀರಾ?

ಹಾಗಾದರೆ ನಾಚಿಕೆಗಾದರೂ ಲಂಚ ನಿಂತಿರಬೇಕಲ್ಲ ಎನ್ನುತ್ತೀರಿ. ಪಾಪ, ಒಳ್ಳೆಯ ಮನೆತನದವರು ನೀವು. ನಿಲ್ಲಲಿಲ್ಲ, ಹೊಂದಿಕೊಂಡಿತು. ಕಚೇರಿಯಲ್ಲಿ ಮೇಜಿಗೊಂದು ಹೂಜಿ ಬಂತು. ಕುಂಬಾರರು ಉಪ್ಪರಿಗೆ ಮನೆ ಕಟ್ಟಿಸಿದರು. ಕ್ಷೌರದವರು ಅಧಿಕಾರಿಗಳ ಕೆನ್ನೆಗೆ ಕತ್ತಿ ಹಿಡಿಯಲು ಒಪ್ಪಲಿಲ್ಲ, ಯಾವ ಗಳಿಗೆಯಲ್ಲಿ ಬಿಕ್ಕಿ ಕೊರಳು ಕೊಯ್ಯುತ್ತದೋ ಎಂಬ ಭಯ. ಹಾಗಾಗಿ ದೊಡ್ಡ ಅಧಿಕಾರಿಗೆ ದೊಡ್ಡ ಗಡ್ಡ, ಸಣ್ಣ ಗುಮಾಸ್ತನಿಗೆ ಸಣ್ಣ ಗಡ್ಡ. ಅವರ ಸಹಿಯಲ್ಲಿ ನಡುವೆ ಒಂದು ಕೊಂಕು ಇರುತ್ತಿತ್ತು. ಕೊಂಕಿಲ್ಲದ ಸಹಿಯನ್ನು ಬ್ಯಾಂಕಿನವರು ನಕಲಿ ಎಂದು ವಾಪಸು ಕಳಿಸುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಜಾತಕ ಕೇಳುತ್ತಿರಲಿಲ್ಲ. ಹುಡುಗನ ಎದುರು ಕಾಫಿ ಲೋಟ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಅವನು ನಾಲ್ಕಾರು ಸಲ ಜೋರಾಗಿ ಬಿಕ್ಕಿದರೆ ಮುಖ ಅರಳಿಸಿ, "ಒಳ್ಳೇ ಕಡೆ ಕೆಲಸದಲ್ಲವ್ನೆ, ನಮ್ಮ ಹುಡುಗಿ ಸುಖವಾಗಿರ್ತಾಳೆ" ಎಂದು ಏಳುತ್ತಿದ್ದರು.

ಆದರೂ ಬಿಕ್ಕಳಿಕೆ ಬಿಕ್ಕಳಿಕೆಯೇ. ಅನ್ನ ಇಳಿಯುವುದಿಲ್ಲ, ಕಣ್ಣು ಹತ್ತುವುದಿಲ್ಲ. ಅದಕ್ಕೆಂದೇ ನಮ್ಮ ಮುಖ್ಯಾಧಿಕಾರಿ ಮೃತ್ಯುಂಜಯಪ್ಪನವರು ನನ್ನನ್ನು ಕರೆಸಿಕೊಂಡರು. ಅವರ ಗಡ್ಡ ಎಷ್ಟಿತ್ತೆಂದರೆ ಅದರಲ್ಲಿ ಎರಡು ಗುಬ್ಬಚ್ಚಿ ಸಂಸಾರಗಳು ಬಾಡಿಗೆ ಕೊಡದೆ ವಾಸವಾಗಿದ್ದವು. "ಸಿಂಗ್ರಯ್ಯ," ಎಂದರು, "ಕೊಟ್ಟೋರು ಮರೆತ್ರೆ, ಹಿಕ್, ನಮಗೆ ಬಿಕ್ಕಲ್ಲ. ಮರೆಸೋ ಕೆಲಸ ನಿಂದು." ಅವತ್ತಿನಿಂದ ಕಚೇರಿಯ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು ಬಂತು. ಒಳಗೆ ಕೊಡುವುದನ್ನು ಕೊಟ್ಟು ಹೊರಗೆ ಬಂದವರು ಆ ಬೆಂಚಿನ ಮೇಲೆ ಕೂರಬೇಕು. ನಾನು ಕಥೆ ಹೇಳಬೇಕು. ಕಥೆ ಮುಗಿಯುವ ಹೊತ್ತಿಗೆ ಕೊಟ್ಟದ್ದು ಅವರ ತಲೆಯಿಂದ ಇಳಿದು ಹೋಗಿರಬೇಕು. ಊರಿನವರು ಅದಕ್ಕೆ ಮರೆವಿನ ಬೆಂಚು ಎಂದು ಹೆಸರಿಟ್ಟರು.

ನನ್ನ ಕಥೆ ಕೇಳಿದ ಒಬ್ಬರು ತಮ್ಮ ಚಪ್ಪಲಿ ಮರೆತರು. ಇನ್ನೊಬ್ಬರು ಸೈಕಲ್ಲನ್ನು ಹತ್ತುವುದೋ ಹೊರುವುದೋ ಎಂಬುದನ್ನೇ ಮರೆತು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಹೋದರು. ಮೂರನೆಯವರು ಕೊಟ್ಟದ್ದನ್ನು ಎಷ್ಟು ಚೆನ್ನಾಗಿ ಮರೆತರೆಂದರೆ ಎದ್ದು ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ಕೊಟ್ಟು ಬಂದರು. ಜನ ಹೆಚ್ಚಿದ ಹಾಗೆ ಬೆಂಚುಗಳೂ ಹೆಚ್ಚಿದವು. ನನಗೆ ತಿಂಗಳ ಸಂಬಳ. ಸಂಬಳ ಅಂದೆ, ಗಮನಿಸಿ, ಲಂಚ ಅಲ್ಲ. ಹಾಗಾಗಿ ನನ್ನ ಗಂಟಲು ಹಸುಗೂಸಿನ ಗಂಟಲಿನ ಹಾಗೆ. ಜೀವಮಾನದಲ್ಲಿ ಒಮ್ಮೆಯೂ ಬಿಕ್ಕಿದವನಲ್ಲ ನಾನು. ಈ ಮಾತನ್ನು ಗಂಟು ಹಾಕಿಟ್ಟುಕೊಳ್ಳಿ.

ಆದರೆ ಒಂದು ಎಡವಟ್ಟಾಯಿತು. ಕೊಟ್ಟದ್ದನ್ನು ಮರೆತವರು ಯಾತಕ್ಕೆ ಕೊಟ್ಟೆವು ಎಂಬುದನ್ನೂ ಮರೆತರು. ಚರಂಡಿಗೆಂದು ಕೊಟ್ಟವರು ಮೂಗು ಮುಚ್ಚಿಕೊಂಡು ಓಡಾಡಿದರು, ಚರಂಡಿ ಕೇಳಲಿಲ್ಲ. ಬೀದಿದೀಪಕ್ಕೆಂದು ಕೊಟ್ಟವರು ಕತ್ತಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, "ಯಾರು? ನೀವಾ? ಚೆನ್ನಾಗಿದ್ದೀರಾ?" ಎಂದು ಕುಶಲ ಕೇಳಿಕೊಂಡು ಮುಂದೆ ಹೋದರು. ಈ ಕಾಲುಸೇತುವೆಯೂ ಹಾಗೇ. ಇದರ ನಡುವಿನ ಹಲಗೆಗಳೆಲ್ಲ ಒಂದು ಪ್ರವಾಹದಲ್ಲಿ ಕೊಚ್ಚಿಹೋಗಿದ್ದವು. ಅಲ್ಲಿ ಕಾಣುತ್ತಿರುವುದು ಆಚೆಕೇರಿ. ಆಸ್ಪತ್ರೆ, ಸಂತೆ, ಕಚೇರಿ ಎಲ್ಲ ಈಚೆ ದಡದಲ್ಲಿ. ಸೇತುವೆ ರಿಪೇರಿಗೆಂದು ಆಚೆಕೇರಿಯ ಪ್ರತಿ ಮನೆಯವರೂ ಕೊಟ್ಟರು, ಪ್ರತಿ ಮನೆಯವರೂ ನನ್ನ ಬೆಂಚಿನ ಮೇಲೆ ಕೂತು ಮರೆತರು. ಆಮೇಲೆ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಈಜಿ ಬರುವುದೇ ಹಿರಿಯರ ಕಾಲದ ಪದ್ಧತಿ ಎಂದು ನಂಬಿಕೊಂಡರು. ಈಜು ಬಾರದವರು ಗುಡ್ಡ ಸುತ್ತಿ ಬರುತ್ತಿದ್ದರು, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪುತ್ತಿದ್ದರು.

ಹಾಗೆ ಗುಡ್ಡ ಸುತ್ತಿ ಬಂದವಳು ತಿಮ್ಮಾಜಮ್ಮ. ಆಚೆಕೇರಿಯಲ್ಲಿ ಮದುವೆಮನೆಗಳಿಗೆ ಕಜ್ಜಾಯ, ಚಕ್ಕುಲಿ ಮಾಡಿಕೊಡುವ ಹೆಂಗಸು. ಮಗಳು ಚೆಲುವಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ಸೂಲಗಿತ್ತಿಯ ಕೈಲಾಗುವುದಲ್ಲ, ನೋವು ಶುರುವಾದ ಕೂಡಲೇ ಕರೆದುಕೊಂಡು ಬನ್ನಿ, ತಡವಾದರೆ ನಾನು ಜವಾಬ್ದಾರಳಲ್ಲ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದಳು. ಕೂಡಲೇ ಬರುವುದೆಂದರೆ ಹೇಗೆ? ನೋವು ತಿನ್ನುವ ಬಸುರಿ ಈಜುತ್ತಾಳೆಯೇ? ಗಾಡಿಯಲ್ಲಿ ಗುಡ್ಡ ಸುತ್ತುತ್ತಾಳೆಯೇ? ತಿಮ್ಮಾಜಮ್ಮ ಕಿವಿಯಲ್ಲಿದ್ದ ಓಲೆಗಳನ್ನು ಬಿಚ್ಚಿ ಮೃತ್ಯುಂಜಯಪ್ಪನವರ ಮೇಜಿನ ಮೇಲಿಟ್ಟಳು. "ಆಯ್ತಮ್ಮ, ಆಗುತ್ತೆ," ಎಂದು ಅವರು ಡ್ರಾಯರ್ ಎಳೆದು ಒಳಗೆ ಸೇರಿಸಿದರು. "ಹೊರಗೆ ಹೋಗಿ ಕೂತ್ಕೊ, ಕಥೆ ಹೇಳ್ತಾರೆ."

ಬಂದು ಕೂತಳು. "ಯಾವ ಕಥೆ ಬೇಕಮ್ಮ?" ಎಂದೆ. "ಹುಲಿಗೆ ಹಲ್ಲುಸೆಟ್ಟು ಕಟ್ಟಿಸಿಕೊಟ್ಟದ್ದು ಹೇಳಲೋ, ಚಂದ್ರನ ಮೇಲೆ ನನ್ನ ಪಂಚೆ ಒಣಹಾಕಿದ್ದು ಹೇಳಲೋ?"

"ಹಲ್ಲಿಂದೇ ಹೇಳಪ್ಪ. ನಂಗೂ ದವಡೆ ನೋಯ್ತದೆ."

ಹೇಳಿದೆ. ಹುಲಿ ಬಾಯಿ ಮುಕ್ಕಳಿಸುವ ಜಾಗ ಬಂದಾಗ ಬೆಂಚಿಗೆ ಬೆಂಚೇ ಅಲ್ಲಾಡಿತು. ತಿಮ್ಮಾಜಮ್ಮ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಗೇ ಕೈ ಪಕ್ಕಕ್ಕೆ ಸರಿದು ಕಿವಿಗೆ ತಾಗಿತು. ಕಿವಿಯಲ್ಲಿ ಓಲೆ ಇಲ್ಲ, ತೂತು ಮುಚ್ಚದಿರಲೆಂದು ಸಿಕ್ಕಿಸಿದ ಬೇವಿನ ಕಡ್ಡಿ ಇದೆ. ಬೆರಳು ಆ ಕಡ್ಡಿಯ ಮೇಲೆ ನಿಂತಿತು. ಒಳಗಿನಿಂದ ಹಿಕ್ ಎಂಬ ಸದ್ದು ಬಂತು.

ಚಂದ್ರನದನ್ನೂ ಹೇಳಿದೆ. ನಕ್ಕಳು, ಕಣ್ಣೊರೆಸಿಕೊಂಡಳು, ಕಿವಿ ಮುಟ್ಟಿಕೊಂಡಳು. ಹಿಕ್. ಮಾರನೆಯ ದಿನವೂ ಅಷ್ಟೆ, ಅದರ ಮಾರನೆಯ ದಿನವೂ ಅಷ್ಟೆ. ಸಾಹೇಬರು ನನ್ನನ್ನು ಒಳಗೆ ಕರೆಸಿದರು. ಕಣ್ಣು ಗುಳಿಬಿದ್ದಿದ್ದವು. ಗುಬ್ಬಚ್ಚಿಗಳು ಗಡ್ಡ ಖಾಲಿ ಮಾಡಿಕೊಂಡು ಹೋಗಿದ್ದವು, ಅಂಥ ಕುಲುಕಾಟದಲ್ಲಿ ಯಾವ ಮೊಟ್ಟೆ ನಿಂತೀತು?

"ಏನಯ್ಯಾ ಸಿಂಗ್ರಯ್ಯ, ಹಿಕ್, ನಿಂಗೆ ಸಂಬಳ ಯಾತಕ್ಕಯ್ಯಾ ಕೊಡೋದು?"

"ಸ್ವಾಮಿ, ತಾವು ದುಡ್ಡು ತಗೊಂಡಿದ್ರೆ ಅರ್ಧ ಕಥೆ ಸಾಕಾಗಿತ್ತು. ದುಡ್ಡು ಹೋದ ಜಾಗದಲ್ಲಿ ಗುರುತು ಉಳಿಯಲ್ಲ. ತಾವು ಓಲೆ ತಗೊಂಡ್ರಿ. ಕಿವೀಲಿ ತೂತು ಉಳ್ಕೊಂಡಿದೆ."

"ಹಂಗಾದ್ರೆ ಆ ತೂತು ಮುಚ್ಚು!"

"ಯಾತರಲ್ಲಿ ಸ್ವಾಮಿ? ಸಿಮೆಂಟಲ್ಲಾ?"

"ಸಿಮೆಂಟು ಎಲ್ಲಿದೆಯಯ್ಯಾ, ಹಿಕ್, ಅದು ಹೋದ ವರ್ಷವೇ ನಮ್ಮ ಭಾವಮೈದನ ಮನೆ ತಾರಸಿಗೆ ಹೋಯ್ತು," ಎಂದವರೇ ಹೂಜಿ ಎತ್ತಿ ಗಟಗಟ ಕುಡಿದರು.

"ಸೇತುವೆ ಮಾಡ್ಸಿಬಿಡಿ ಸ್ವಾಮಿ, ಅವಳು ಬರೋದೇ ಬಿಡ್ತಾಳೆ," ಎಂದೆ ನಾನು. ಆ ಧೈರ್ಯ ಊರಲ್ಲಿ ಇನ್ಯಾರಿಗಿತ್ತು ಹೇಳಿ? ಅವರು ಗಡ್ಡ ಕೆರೆದುಕೊಂಡರು. "ಹಲಗೆ ಬಂದಿದ್ವಯ್ಯಾ. ಒಳ್ಳೇ ಹೊನ್ನೆ ಮರದ ಹಲಗೆ. ನಿನ್ನ ಬೆಂಚಿಗೆ ಸಾಲ್ದೇ ಹೋಯ್ತು ಅಂತ ಅದನ್ನೇ ಕೊಯ್ಸಿದ್ದು." ಅಂದರೆ ಆಚೆಕೇರಿಯವರು ಸೇತುವೆಗೆಂದು ಕೊಟ್ಟದ್ದನ್ನು ಮರೆಯಲು ಕೂರುತ್ತಿದ್ದದ್ದು ಸೇತುವೆಯ ಮೇಲೇ! ಹಿಕ್.

ಏನಿಲ್ಲ, ಒಣಗಾಳಿ. ಗಂಟಲು ಕೆರೆಯಿತು ಅಷ್ಟೆ. ಆಚೆ ದಡದಲ್ಲಿ ಯಾರೋ ನಿಂತ ಹಾಗಿದೆಯಲ್ಲ? ಇರಲಿ, ಕೇಳಿ.

ಈ ನಡುವೆ ತಿಮ್ಮಾಜಮ್ಮ ದಿನಾ ಬರುವಾಗ ನನಗೊಂದು ಮುತ್ತುಗದ ಎಲೆಯ ಪೊಟ್ಟಣ ತರತೊಡಗಿದಳು. ತುಪ್ಪದಲ್ಲಿ ಕರಿದ ಕಜ್ಜಾಯ. ಕಥೆಗಾರನ ಮೇಲಿನ ಗೌರವ, ಇನ್ನೇನು. ದೊಡ್ಡ ಕಲಾವಿದರಿಗೆ ಜನ ಹೀಗೆ ಏನಾದರೂ ತಂದುಕೊಡುವುದು ಇದ್ದದ್ದೇ. ಅದರ ವಿಷಯ ಇಲ್ಲಿಗೇ ಬಿಡೋಣ.

ಒಂದು ಬೆಳಿಗ್ಗೆ, ಬೆಂಚುಗಳೆಲ್ಲ ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದಾಗ, ತಿಮ್ಮಾಜಮ್ಮನೂ ನಡುರಾತ್ರಿಯೇ ಮನೆ ಬಿಟ್ಟು ಬಂದು ಕೂತಿದ್ದಾಗ, ಆಚೆ ದಡದಿಂದ ಕೂಗು ಕೇಳಿಸಿತು. "ತಿಮ್ಮಾಜಕ್ಕೋ, ಚೆಲುವಿಗೆ ನೋವು ಬಂತಂತೆ!" ತಿಮ್ಮಾಜಮ್ಮ ಎದ್ದು ನಿಂತಳು. ಎಲ್ಲಿಗೆ ಹೋಗುತ್ತಾಳೆ? ಗುಡ್ಡ ಸುತ್ತಿ ಮನೆ ಸೇರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತದೆ, ಮಗಳನ್ನು ಕರೆದುಕೊಂಡು ಮತ್ತೆ ಗುಡ್ಡ ಸುತ್ತಬೇಕು. ಅವಳು ಓಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಳು. ಜವಾನ ಒಳಗಿನಿಂದ ಓಡಿಬಂದು, "ಸಾಹೇಬ್ರು ಹೇಳ್ತವ್ರೆ, ಜೋರಾಗಿ ಒಂದು ಕಥೆ ಶುರು ಮಾಡ್ಬೇಕಂತೆ, ಬೇಗ," ಎಂದ.

ಆಗ ನಾನೇನು ಮಾಡಿದೆ ಗೊತ್ತೇ? ಮೌನವ್ರತ ತೊಟ್ಟೆ! ಹುಟ್ಟಿದಾಗ ಅಳುವ ಬದಲು ಸೂಲಗಿತ್ತಿಗೆ ಕಥೆ ಹೇಳಿದವನು ನಾನು. ಅಂಥವನು ಆ ತಾಯಿಯ ಮುಖ ನೋಡಿ, ಈ ಬಾಯಿ ಇನ್ನು ಮರೆವಿಗೆ ಬಳಕೆಯಾಗಕೂಡದು ಎಂದು ನಿಶ್ಚಯಿಸಿ, ತುಟಿ ಹೊಲಿದುಕೊಂಡು ಕೂತೆ. ಮರದ ಮೇಲಿನ ಕಾಗೆಗಳು ಗಾಬರಿಯಾಗಿ ಹಾರಿಹೋದವು. ಹಿಕ್. ಗಾಳಿ, ಗಾಳಿ.

ಕಥೆ ಇಲ್ಲದ ಜಗಲಿ ಹೇಗಿರುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೊದಲು ಜನ ಕೆಮ್ಮಿದರು. ಆಮೇಲೆ ಉಗುರು ನೋಡಿಕೊಂಡರು. ಆಮೇಲೆ ಒಬ್ಬ ಮುದುಕ ತಾನು ಕೂತ ಹಲಗೆಯನ್ನು ಕೈಯಿಂದ ಸವರಿ, "ಇದು ಹೊನ್ನೆ ಅಲ್ವೇನ್ರೋ? ಸೇತುವೆಗೆ ಹೊನ್ನೆ ಹಾಕ್ತೀವಿ ಅಂದಿದ್ರಲ್ಲ? ನಾನು ಆ ಸಾಹೇಬ್ರಿಗೆ ಒಂದು ಕರು ಕೊಟ್ಟಿದ್ನಲ್ಲ?" ಎಂದ. ಒಳಗೆ ಹಿಕ್. "ನಾನು ಹಂಡೆ ಕೊಟ್ಟಿದ್ದೆ," ಎಂದಳು ಪಕ್ಕದವಳು. ಹಿಕ್. "ನಾನು ಎರಡು ಸಲ ಕೊಟ್ಟೆ ಕಣ್ರೋ, ಎರಡು ಸಲ!" ಹಿಕ್ ಹಿಕ್. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹಳ ದಿನದ ಮೇಲೆ ಎದ್ದವರಂತೆ, ಚರಂಡಿ, ದೀಪ, ನಲ್ಲಿ, ಸೇತುವೆ, ಒಂದೊಂದೇ ಬಾಯಿಗೆ ಬಂದವು. ಒಳಗೆ ಗುಮಾಸ್ತರು, ಇಂಜಿನಿಯರು, ಉಗ್ರಾಣದವರು ಎಲ್ಲರೂ ಒಟ್ಟಿಗೆ ಬಿಕ್ಕಿದರು. ಮೇಜುಗಳು ಕುಣಿದವು. ಹೂಜಿಗಳು ಉರುಳಿದವು. ಹೆಂಚುಗಳು ಪಾರಿವಾಳದಂತೆ ಹಾರಿ ಪಕ್ಕದ ಬೀದಿಯಲ್ಲಿ ಇಳಿದವು.

ಮೃತ್ಯುಂಜಯಪ್ಪನವರು ಬಾಗಿಲಿಗೆ ಬಂದು ನಿಂತರು. ಮಾತಾಡಲು ಆಗಲಿಲ್ಲ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ತಿಮ್ಮಾಜಮ್ಮ ಅವರ ಹತ್ತಿರ ಹೋಗಿ ಮೆಲ್ಲಗೆ, "ಸ್ವಾಮಿ, ನನ್ನ ಮಗಳು ಆಚೆ ದಡದಲ್ಲವ್ಳೆ," ಎಂದಳು. ಅವರು ಕೈ ಎತ್ತಿ ಬೆಂಚು ತೋರಿಸಿದರು. ಇನ್ನೊಂದು ಬೆಂಚು ತೋರಿಸಿದರು. ಎಲ್ಲ ಬೆಂಚನ್ನೂ ತೋರಿಸಿ, ಹೊಳೆ ತೋರಿಸಿ, ಎರಡೂ ಕೈ ಮುಗಿದರು.

ಕೂತಿದ್ದವರೇ ಎದ್ದು ಬೆಂಚು ಎತ್ತಿದರು. ಕಾಲು ಮುರಿದು ಹಲಗೆ ಬಿಡಿಸಿದರು. ಹಗ್ಗ ಬಂತು, ಮೊಳೆ ಬಂತು, ಎಲ್ಲಿಂದಲೋ ಸುತ್ತಿಗೆಗಳು ಬಂದವು. ಗಂಡಸರು ಸೇತುವೆಯಲ್ಲಿ ಉಳಿದಿದ್ದ ತೊಲೆಗಳ ಮೇಲೆ ಕವುಚಿ ಮಲಗಿ ಹಲಗೆ ಹೊಡೆದರು, ಹೆಂಗಸರು ಕೈಯಿಂದ ಕೈಗೆ ಸಾಗಿಸಿದರು. ಆಚೆ ಕಡೆಯಿಂದ ಚೆಲುವಿಯನ್ನು ಮಂಚದ ಮೇಲೆ ಮಲಗಿಸಿ ದಡಕ್ಕೆ ತಂದಿದ್ದರು. ಕೊನೆಯ ಹಲಗೆಗೆ ಮೊಳೆ ಪೂರ್ತಿ ಇಳಿಯುವ ಮೊದಲೇ ಮಂಚ ಸೇತುವೆ ಹತ್ತಿತು. ತಿಮ್ಮಾಜಮ್ಮ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, "ಬಂತು ಕಣವ್ವ, ಬಂತು, ಇನ್ನೊಂದೀಸು," ಎನ್ನುತ್ತಿದ್ದಳು.

ಆಸ್ಪತ್ರೆಯ ಮುಂದೆ ಊರೇ ನಿಂತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಬಂತು. ಡಾಕ್ಟರಮ್ಮ ಹೊರಗೆ ಬಂದು ಹಣೆ ಒರೆಸಿಕೊಂಡು, "ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ," ಎಂದಾಗ ಜನ ಬಿಟ್ಟ ಉಸಿರಿಗೆ ಬೇಲಿಯ ಮೇಲಿನ ಬಟ್ಟೆಗಳು ಹಾರಿದವು. ಮೃತ್ಯುಂಜಯಪ್ಪನವರು ಜನರ ನಡುವೆ ದಾರಿ ಮಾಡಿಕೊಂಡು ಬಂದು ತಿಮ್ಮಾಜಮ್ಮನ ಅಂಗೈಯಲ್ಲಿ ಓಲೆ ಇಟ್ಟರು. ಅವಳು ಬೇವಿನ ಕಡ್ಡಿ ತೆಗೆದು ಓಲೆ ಸಿಕ್ಕಿಸಿಕೊಂಡಳು. ಅವರು ಬಾಯಿ ತೆರೆದು ಕಾದರು. ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಕಾದರು. ಆಮೇಲೆ ಅಲ್ಲೇ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು, ಅಳುತ್ತಾರೋ ನಗುತ್ತಾರೋ ಗೊತ್ತಾಗದ ಹಾಗೆ ಮುಖ ಮುಚ್ಚಿಕೊಂಡರು. ಉಳಿದವರದ್ದನ್ನೂ ಹಿಂತಿರುಗಿಸಲು ಅವರಿಗೆ ಬಹಳ ಕಾಲ ಹಿಡಿಯಿತು. ಕರು ಅಷ್ಟರಲ್ಲಿ ಹಸುವಾಗಿ ಇನ್ನೊಂದು ಕರು ಹಾಕಿತ್ತು, ಎರಡನ್ನೂ ಹೊಡೆದುಕೊಂಡು ಹೋಗಿ ಕೊಟ್ಟುಬಂದರು. ಎಲ್ಲ ಮುಗಿದ ದಿನ ಕ್ಷೌರದಂಗಡಿಗೆ ಹೋಗಿ ಕೂತರು. ನುಣ್ಣಗೆ ಬೋಳಿಸಿಕೊಂಡು ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ, "ಯಜಮಾನ್ರು ಕಚೇರೀಲಿದ್ದಾರೆ, ಅಲ್ಲೇ ಹೋಗಿ," ಎಂದಳಂತೆ.

ಇದು ನನ್ನ ಮೌನವ್ರತದ ಮಹಿಮೆ. ಒಬ್ಬ ಮನುಷ್ಯ, ಒಂದು ನಾಲಿಗೆ, ಹಿಕ್, ಒಂದು ತ್ಯಾಗ, ಹಿಕ್. ಯಾಕೆ ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದೀರಿ?

"ಏನ್ ಸಿಂಗ್ರಯ್ಯ, ಮತ್ತೆ ಶುರುವಾಯ್ತಾ? ಪಾಪ, ಬಸ್ಸಿಗೆ ಕೂತೋರನ್ನೂ ಬಿಡಲ್ವಲ್ಲ ನೀನು."

ಇವಳೇ ತಿಮ್ಮಾಜಮ್ಮ. ಕಿವಿ ನೋಡಿ, ಅವೇ ಓಲೆಗಳು. ತಲೆಯ ಮೇಲಿನ ಬುಟ್ಟಿಯಲ್ಲಿ ಸಂತೆಗೆ ಹೊರಟ ಕಜ್ಜಾಯ. ಕೂರಮ್ಮ, ಕೂರು. ಹಿಕ್. ನಿನ್ನ ವಿಷಯವೇ ಹೇಳುತ್ತಿದ್ದೆ, ಒಳ್ಳೆಯದನ್ನೇ ಹೇಳುತ್ತಿದ್ದೆ.

"ಮೌನವ್ರತ ಅಂದ್ಯಲ್ಲ, ಆಚೆಯಿಂದ್ಲೇ ಕೇಳಿಸ್ತು. ನಿನ್ನ ಗಂಟಲು ಹಂಗಿದೆ. ಜೀವಮಾನದಲ್ಲಿ ಬಿಕ್ಕಿದೋನಲ್ಲ ಅಂತಲೂ ಹೇಳಿರ್ಬೇಕು. ಹೇಳಿದ್ನೇನ್ರಪ್ಪ ಇವನು?"

ಹೇಳಿದೆ ಎಂದು ನೀವೆಲ್ಲ ಒಟ್ಟಿಗೆ ತಲೆ ಆಡಿಸುವ ಅಗತ್ಯವಿರಲಿಲ್ಲ.

"ಹಂಗಾದ್ರೆ ಈಗ ಬಿಕ್ತಿರೋರು ಯಾರು? ಕಜ್ಜಾಯದ್ದು ಹೇಳು ಸಿಂಗ್ರಯ್ಯ. ನೀನು ಹೇಳೋವರ್ಗೂ ನಾನು ನೆನೆಸ್ಕೊಳ್ತಾ ಇರ್ತೀನಿ. ತುಪ್ಪದ್ದು, ಎಳ್ಳು ಹಾಕಿದ್ದು, ಗಸಗಸೆ ಹಾಕಿದ್ದು..."

ಹಿಕ್. ಹಿಕ್. ಹಿಕ್. ಸಾಕು ಮಾರಾಯ್ತಿ, ಹೇಳುತ್ತೇನೆ. ಕೇಳಿ, ಬಸ್ಸಿನವರೇ. ಅವಳು ಕಜ್ಜಾಯ ತಂದದ್ದು ಗೌರವಕ್ಕಲ್ಲ. ಮೊದಲ ದಿನ ಪೊಟ್ಟಣ ನನ್ನ ತೊಡೆಯ ಮೇಲಿಟ್ಟು, "ನಂಗೆ ಮರೆವು ಬರೋಹಂಗೆ ಹೇಳ್ಬೇಡ ಕಣಪ್ಪ. ಮರೆತ್ರೆ ಸೇತುವೆ ಕೇಳೋರ್ಯಾರೂ ಇರಲ್ಲ. ಒಸಿ ಸಪ್ಪೆಯಾಗಿ ಹೇಳು," ಎಂದಳು. ಸಂಬಳ ತೆಗೆದುಕೊಳ್ಳುವ ಕೆಲಸವನ್ನು ಕೆಡಿಸಲು ಕೊಟ್ಟದ್ದು. ಅದಕ್ಕೇನೆನ್ನುತ್ತಾರೆ ಎಂಬುದು ನನಗೂ ಗೊತ್ತಿತ್ತು. ಆದರೆ ಗುಡ್ಡ ಸುತ್ತಿ ಬಂದರೂ ಬಿಸಿಲಿಗೆ ಬೆಚ್ಚಗಿತ್ತು, ತುಪ್ಪ ಎಲೆಯಿಂದ ಸೋರುತ್ತಿತ್ತು. ತಿಂದೆ. ದಿನಾ ತಿಂದೆ. ಕಥೆಯನ್ನು ಮಾತ್ರ ಸಪ್ಪೆಯಾಗಿ ಹೇಳಲಿಲ್ಲ, ಹಾಗೆ ಹೇಳಲು ನನಗೆ ಬರುವುದಿಲ್ಲ. ಚೆಲುವಿಗೆ ನೋವು ಬಂದ ಬೆಳಿಗ್ಗೆ ನಾನು ವ್ರತ ತೊಡಲಿಲ್ಲ. ಜವಾನ ಬಂದು ಹೇಳಿದ ಕೂಡಲೇ ಬಾಯಿ ತೆರೆದೆ. "ಒಂದೂರಲ್ಲಿ ಒಬ್ಬ" ಎಂದೆ. ಇವಳು ನನ್ನ ಮುಖವನ್ನೇ ನೋಡುತ್ತಾ ಕಜ್ಜಾಯ ನೆನೆಸಿಕೊಂಡಳು. ಹಿಕ್. "ಒಂದೂರಲ್ಲಿ" ಎಂದೆ. ಹಿಕ್. "ಒಂದು" ಎಂದೆ. ಆ ಒಂದರಿಂದ ಮುಂದೆ ಹೋಗಲು ಇವಳು ಬಿಡಲಿಲ್ಲ. ಜನ ಮೊದಲು ನಕ್ಕರು. ಬಿಕ್ಕುವ ಕಥೆಗಾರನನ್ನು ಎಷ್ಟು ಹೊತ್ತು ನೋಡುತ್ತಾರೆ? ಆಮೇಲೆ ಸುಮ್ಮನಾದರು. ಆಮೇಲಿನದ್ದೆಲ್ಲ ನಾನು ಹೇಳಿದ ಹಾಗೇ ಆಯಿತು. ನಾನು ಲಂಚ ಕಿತ್ತುಹಾಕಲಿಲ್ಲ. ನಾನು ಲಂಚ ತಿಂದೆ. ನನ್ನ ಬಾಯಿ ಕಟ್ಟಿದ್ದು ಇವಳ ಕಜ್ಜಾಯ.

"ಇಷ್ಟೇ ಕಣಪ್ಪ, ಚೆಲುವಿ ಮಗಳು ಶಾಲೆಗೆ ಹೋಗೋ ಹಂಗಾದ್ಲು, ಈಗ ಬಾಯಿಬಿಟ್ಟೆ. ಓಲೆಯಾದ್ರೆ ವಾಪಸ್ ಇಸ್ಕೋಬೋದು, ತಿಂದಿದ್ದನ್ನ ಏನ್ ಇಸ್ಕೊಳ್ಲಿ? ನಿಜ ಹೇಳ್ದಲ್ಲ, ಮುಗೀತು. ಹೋಗು, ಮರೆತೆ."

ಇರಿ, ಯಾರೂ ಮಾತಾಡಬೇಡಿ. ಇಲ್ಲ. ಬರುತ್ತಿಲ್ಲ. ಎದೆಯ ಮೇಲೆ ಕೂತಿದ್ದ ಎಮ್ಮೆ ಎದ್ದುಹೋದ ಹಾಗಿದೆ. ನೋಡಿ, ಈಗ ಬುಟ್ಟಿ ಇಳಿಸಿ ನಿಮಗೆಲ್ಲ ಒಂದೊಂದು ಕೊಡುತ್ತಿದ್ದಾಳೆ. ತೆಗೆದುಕೊಳ್ಳಿ. ನನಗೂ ಚಾಚುತ್ತಿದ್ದಾಳೆ. ಇದು ಯಾತಕ್ಕಮ್ಮ?

"ಯಾತಕ್ಕೂ ಅಲ್ಲ. ಬಿಸಿ ಇದೆ, ತಿನ್ನು."

ತಿಂದೆ. ಕಾಯುತ್ತಿದ್ದೇನೆ. ಏನೂ ಇಲ್ಲ. ಯಾತಕ್ಕೂ ಅಲ್ಲದ ಕಜ್ಜಾಯ ಇಷ್ಟು ಸಲೀಸಾಗಿ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗಂಟಲು ಹಗುರಾದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ಕಥೆ ಕೇಳಲು ಈ ಹೊಳೆ ಯಾವತ್ತೂ ನಿಂತಿಲ್ಲ. ಅದರ ಪಾಡಿಗೆ ಅದು ಹೋಗುತ್ತದೆ. ಆದರೆ ಒಲೆಯೊಳಗೆ ಮೀನು ಬಂದು ಕೂತದ್ದು ಮಾತ್ರ...

"ಸಿಂಗ್ರಯ್ಯ."

ಅದೂ ಸುಳ್ಳು.